ಇಂಟರ್ನಲ್ಸ್ ದಿನ ಹತ್ತು ಗಂಟೆಗೆ ಸರಿಯಾಗಿ ಮೂಡಲ್ ಯಾಕೆ ಮಲಗುತ್ತದೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಕಾಮರ್ಸ್ ಉಪನ್ಯಾಸಕಿ. ಕಂಪ್ಯೂಟರ್ ಸ್ವಲ್ಪ ಗೊತ್ತು ಅನ್ನೋ ಕಾರಣಕ್ಕೆ ಕಾಲೇಜಿನ ಮೂಡಲ್, ಅಂದರೆ ಆನ್‌ಲೈನ್ ಪಾಠ-ಪರೀಕ್ಷೆಯ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದಿದೆ. ಅದು ಅಮೆಜಾನ್ ಕ್ಲೌಡ್‌ನ ಮುಂಬೈ ಸರ್ವರ್‌ನಲ್ಲಿದೆ. 2 ವಿಸಿಪಿಯು (ಕ್ಲೌಡ್‌ನಲ್ಲಿ ಸಿಗುವ ಪ್ರೊಸೆಸರ್ ಪಾಲು), 4 ಜಿಬಿ ರ‍್ಯಾಮ್, ಉಬುಂಟು ಲಿನಕ್ಸ್, ವೆಬ್ ಪುಟ ಕಳಿಸುವ ಪ್ರೋಗ್ರಾಮ್ ಅಪಾಚೆ. ಮಾಮೂಲಿ ದಿನ ಏನೂ ತೊಂದರೆ ಇಲ್ಲ. ಇಂಟರ್ನಲ್ಸ್ ದಿನ 10 ಗಂಟೆಗೆ 300 ಮಕ್ಕಳು ಒಟ್ಟಿಗೆ ಕ್ವಿಜ್ ತೆರೆದರೆ ಮುಗೀತು. ಪುಟ ಸುತ್ತುತ್ತಾ ಕೂರುತ್ತದೆ, ಆಮೇಲೆ ‘ಡೇಟಾಬೇಸ್ ಕನೆಕ್ಷನ್ ಫೇಲ್ಡ್’ ಅಂತ ಬರುತ್ತದೆ. ಅರ್ಧ ಗಂಟೆ ಬಿಟ್ಟು ತಾನಾಗಿಯೇ ಸರಿಹೋಗುತ್ತದೆ. 60 ಮಕ್ಕಳು ಲ್ಯಾಬ್‌ನಲ್ಲಿ, ಉಳಿದವರು ಅವರವರ ಮೊಬೈಲ್‌ನಲ್ಲಿ ಬರೆಯುತ್ತಾರೆ. 20 ಪ್ರಶ್ನೆ, ಎಲ್ಲಾ ಒಂದೇ ಪುಟದಲ್ಲಿ. ಪತ್ರಿಕೆಗಳೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಆಗಿರುವುದರಿಂದ ಪ್ರಶ್ನೆಗಳನ್ನು ಫೋಟೋ ತೆಗೆದು ಹಾಕಿದ್ದೇವೆ. ಸರ್ವರ್ ಹಾಕಿಕೊಟ್ಟವರು 16 ಜಿಬಿ ತಗೊಳ್ಳಿ ಅಂತಾರೆ. ಬಿಲ್ ಕೇಳಿ ಪ್ರಾಂಶುಪಾಲರು ಆಗಲ್ಲ ಅಂದರು. ಏನು ಮಾಡಲಿ? ಪಾಠದ ವಿಡಿಯೊಗಳನ್ನೂ ಇದರಲ್ಲೇ ಹಾಕಬಹುದಾ?

ಉತ್ತರ: ಮೇಡಂ, 16 ಜಿಬಿ ಸದ್ಯಕ್ಕೆ ಬೇಡ. ನಿಮ್ಮ ಪತ್ರದಲ್ಲಿ ಹಾಗೇ ಬಂದುಹೋಗುವ ಒಂದು ಮಾತಿದೆ, ಪ್ರಶ್ನೆಗಳನ್ನು ಫೋಟೋ ತೆಗೆದು ಹಾಕಿದ್ದೇವೆ ಅಂತ. ನನ್ನ ಅನುಮಾನ ಹೋಗಿದ್ದು ಮೊದಲು ಅಲ್ಲಿಗೇ. ಸರ್ವರ್ ಎಷ್ಟು ದೊಡ್ಡದಿರಬೇಕು ಅನ್ನೋದು ಆಮೇಲಿನ ಮಾತು.

ಮೂಡಲ್ ಹುಟ್ಟಿದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಮಾರ್ಟಿನ್ ಡೂಗಿಯಾಮಾಸ್ ಅನ್ನುವವರು ಬರೆದದ್ದು, ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ಇವತ್ತಿಗೂ ಅದು ಪಿಎಚ್‌ಪಿ ಅನ್ನುವ ಭಾಷೆಯಲ್ಲಿ ಬರೆದ ಪ್ರೋಗ್ರಾಮೇ. ಸುದ್ದಿ ಓದುವ ವೆಬ್‌ಸೈಟಿಗೆ ಹತ್ತು ಸಾವಿರ ಜನ ಬಂದರೂ ಎಲ್ಲರಿಗೂ ತೋರಿಸುವುದು ಒಂದೇ ಪುಟ. ಒಂದು ಸಲ ತಯಾರು ಮಾಡಿ ಸಿಡಿಎನ್‌ನಲ್ಲಿ, ಅಂದರೆ ಪುಟದ ನಕಲು ಇಟ್ಟುಕೊಂಡು ಹಂಚುವ ಸರ್ವರ್‌ಗಳಲ್ಲಿ ಇಟ್ಟರೆ ಆಯಿತು. ಮೂಡಲ್‌ನಲ್ಲಿ ಆ ಆಟ ನಡೆಯಲ್ಲ. ಇವರು ಯಾರು, ಈ ಕೋರ್ಸ್‌ನಲ್ಲಿ ಇದ್ದಾರಾ, ಕ್ವಿಜ್ ತೆರೆಯುವ ಸಮಯ ಆಗಿದೆಯಾ, ಮೂರನೇ ಪ್ರಶ್ನೆಗೆ ಇವರು ಏನು ಉತ್ತರ ಬರೆದಿದ್ದರು, ಇದನ್ನೆಲ್ಲ ಪ್ರತಿ ಸಲ ಡೇಟಾಬೇಸ್ ಕೇಳಿಯೇ ಪುಟ ಕಟ್ಟಬೇಕು. 300 ಮಕ್ಕಳಿಗೆ 300 ಬೇರೆ ಬೇರೆ ಪುಟ. ಹಾಗಾಗಿ ‘ತಿಂಗಳಿಗೆ ಒಂದು ಲಕ್ಷ ವಿಸಿಟರ್ಸ್ ತಡೆಯುತ್ತೆ’ ಅನ್ನುವ ಹೋಸ್ಟಿಂಗ್ ಜಾಹೀರಾತಿಗೂ ನಿಮ್ಮ ಪರೀಕ್ಷೆಗೂ ಸಂಬಂಧವೇ ಇಲ್ಲ. ತಿಂಗಳ ಲೆಕ್ಕ ಬಿಡಿ. ನೋಡಬೇಕಾದದ್ದು 10 ಗಂಟೆಯಿಂದ 10 ಗಂಟೆ 2 ನಿಮಿಷದವರೆಗಿನ ಲೆಕ್ಕ.

ಅದನ್ನು ಒಂದು ಕಾಗದದ ಮೇಲೆ ಹಾಕೋಣ. ಮೊದಲು ಫೋಟೋಗಳು ಇಲ್ಲ ಅಂತಲೇ ಇಟ್ಟುಕೊಳ್ಳಿ. ಒಬ್ಬ ವಿದ್ಯಾರ್ಥಿ ಲಾಗಿನ್ ಪುಟ ತೆರೆಯುತ್ತಾನೆ, ಪಾಸ್‌ವರ್ಡ್ ಕೊಡುತ್ತಾನೆ, ಡ್ಯಾಶ್‌ಬೋರ್ಡ್, ಕೋರ್ಸ್, ಕ್ವಿಜ್, ‘ಅಟೆಂಪ್ಟ್ ಶುರು ಮಾಡಿ’. ಆರು ಸಲ ಸರ್ವರ್ ಬಾಗಿಲು ತಟ್ಟಿದ ಹಾಗಾಯಿತು. 300 ಮಕ್ಕಳೆಂದರೆ 1,800. ಎರಡು ನಿಮಿಷದಲ್ಲಿ ಇಷ್ಟೂ ಬಂದರೆ ಸೆಕೆಂಡಿಗೆ 15. ಒಂದೊಂದಕ್ಕೂ ಪ್ರೊಸೆಸರ್ 0.3 ಸೆಕೆಂಡ್ ದುಡಿಯುತ್ತದೆ ಅಂತ ಅಂದಾಜು ಹಾಕಿದರೆ, 2 ವಿಸಿಪಿಯು ಸೆಕೆಂಡಿಗೆ ಆರೋ ಏಳೋ ಮುಗಿಸಬಹುದು. ಬರುವುದು 15, ಹೋಗುವುದು 7. ಉಳಿದದ್ದು ಸಾಲಿನಲ್ಲಿ ನಿಲ್ಲುತ್ತದೆ. ಪುಟ ಬರಲಿಲ್ಲ ಅಂತ ಮಕ್ಕಳು ರಿಫ್ರೆಶ್ ಒತ್ತುತ್ತಾರೆ, ಸಾಲು ಇನ್ನೂ ಉದ್ದವಾಗುತ್ತದೆ. ಲಾಗಿನ್ ಬೇರೆ ಇದರಲ್ಲಿ ದುಬಾರಿ ಕೆಲಸ. ಕಳ್ಳರು ಪಾಸ್‌ವರ್ಡ್ ಊಹಿಸಲು ಕಷ್ಟವಾಗಲಿ ಅಂತ ಆ ಪರಿಶೀಲನೆಯನ್ನು ಬೇಕೆಂದೇ ಭಾರವಾಗಿ ಮಾಡಿರುತ್ತಾರೆ.

ಇಷ್ಟೇ ಆಗಿದ್ದರೆ ನಿಮ್ಮ ಸರ್ವರ್ ಐದು ನಿಮಿಷ ಏದುಸಿರು ಬಿಟ್ಟು ಸುಧಾರಿಸಿಕೊಳ್ಳುತ್ತಿತ್ತು. ಈಗ ಫೋಟೋ ಸೇರಿಸಿ.

ಮೂಡಲ್‌ನಲ್ಲಿ ಪ್ರಶ್ನೆಯೊಳಗಿನ ಚಿತ್ರ ಮಾಮೂಲಿ ಚಿತ್ರದ ಫೈಲ್ ಹಾಗೆ ನೇರವಾಗಿ ಹೋಗುವುದಿಲ್ಲ. ಪ್ರಶ್ನೆ ಪತ್ರಿಕೆ ಹೊರಗೆ ಸೋರಬಾರದಲ್ವಾ? ಹಾಗಾಗಿ ಪ್ರತಿ ಚಿತ್ರವೂ ಪ್ಲಗಿನ್‌ಫೈಲ್ ಅನ್ನುವ ಪಿಎಚ್‌ಪಿ ಬಾಗಿಲಿನಿಂದಲೇ ಬರಬೇಕು. ಕೇಳುತ್ತಿರುವವರು ಲಾಗಿನ್ ಆಗಿದ್ದಾರಾ, ಈ ಕ್ವಿಜ್ ಬರೆಯುತ್ತಿದ್ದಾರಾ ಅಂತ ನೋಡಿಯೇ ಅದು ಚಿತ್ರವನ್ನು ಬಿಡುತ್ತದೆ. 20 ಚಿತ್ರ, 300 ಮಕ್ಕಳು: 6,000 ಪಿಎಚ್‌ಪಿ ಕೆಲಸ. ಪ್ರಶ್ನೆಗಳೆಲ್ಲ ಒಂದೇ ಪುಟದಲ್ಲಿರುವುದರಿಂದ ಅಷ್ಟೂ ಚಿತ್ರಗಳನ್ನು ಬ್ರೌಸರ್ ಒಂದೇ ಉಸಿರಿಗೆ ಕೇಳುತ್ತದೆ.

ಇನ್ನು ತೂಕ ನೋಡಿ. ಮೊಬೈಲ್‌ನಲ್ಲಿ ತೆಗೆದ ಫೋಟೋ ಅಂದರೆ ಸುಲಭವಾಗಿ 3 ಎಂಬಿ. 20 ಪ್ರಶ್ನೆಗೆ 60 ಎಂಬಿ. ಸೆಕೆಂಡಿಗೆ 5 ಮೆಗಾಬಿಟ್ ಸಿಗುವ ಮೊಬೈಲ್ ನೆಟ್‌ನಲ್ಲಿ ಇಷ್ಟು ಇಳಿಯಲು ಒಂದೂವರೆ ನಿಮಿಷ ಬೇಕು. ಸಿಗ್ನಲ್ ಒಂದೇ ಕಡ್ಡಿ ಇರುವ ಹಳ್ಳಿಯಲ್ಲಾದರೆ ಹತ್ತು ನಿಮಿಷವೂ ಆದೀತು. ಅಪಾಚೆಯನ್ನು ಹಳೇ ರೀತಿಯಲ್ಲಿ, ಅಂದರೆ ಪಿಎಚ್‌ಪಿಯನ್ನು ಅದರೊಳಗೇ ಸೇರಿಸಿ ಓಡಿಸುತ್ತಿದ್ದರೆ, ಆ ಫೋಟೋ ಪೂರ್ತಿ ಇಳಿಯುವ ತನಕ ಅದಕ್ಕಾಗಿ ಒಬ್ಬ ಕೆಲಸಗಾರ ಅಲ್ಲೇ ಕಾಯುತ್ತಾ ನಿಂತಿರುತ್ತಾನೆ. ಈ ಕೆಲಸಗಾರ, ಅಂದರೆ ವರ್ಕರ್ ಪ್ರೊಸೆಸ್, ಮದುವೆ ಊಟದ ಪಂಕ್ತಿಯಲ್ಲಿ ಹಾಕಿದ ಒಂದು ಎಲೆ ಇದ್ದ ಹಾಗೆ. ಕೂತವರು ಏಳುವ ತನಕ ಆ ಎಲೆ ಇನ್ನೊಬ್ಬರಿಗೆ ಸಿಗುವುದಿಲ್ಲ. ನಿಧಾನ ನೆಟ್‌ನ ಐವತ್ತು ಮಕ್ಕಳು ಸಾಕು, ಪಂಕ್ತಿ ಪೂರ್ತಿ ಭರ್ತಿ.

ಎಲೆ ಖಾಲಿ ಇಲ್ಲ ಅಂದಾಗ ಅಪಾಚೆ ಹೊಸ ಕೆಲಸಗಾರರನ್ನು ಹುಟ್ಟಿಸುತ್ತಾ ಹೋಗುತ್ತದೆ. ಉಬುಂಟುವಿನಲ್ಲಿ ಪ್ರೀಫೋರ್ಕ್ ಅನ್ನುವ ಈ ವಿಧಾನಕ್ಕೆ ಮೊದಲಿಂದಲೇ ಇಟ್ಟಿರುವ ಮಿತಿ 150. ಮೂಡಲ್ ಓಡಿಸುವ ಒಬ್ಬ ಕೆಲಸಗಾರನಿಗೆ ಸುಮಾರು 70 ಎಂಬಿ ಅಂತ ಹಿಡಿಯಿರಿ. 150 ಜನಕ್ಕೆ ಹತ್ತು ಜಿಬಿ ದಾಟುತ್ತದೆ. ನಿಮ್ಮಲ್ಲಿರುವುದು 4. ಮೆಮೊರಿ ಮುಗಿದಾಗ ಲಿನಕ್ಸ್ ಕರ್ನಲ್, ಅಂದರೆ ಉಬುಂಟುವಿನ ತಿರುಳು, ತನ್ನ ಜೀವ ಉಳಿಸಿಕೊಳ್ಳಲು ಯಾವುದಾದರೂ ದೊಡ್ಡ ಪ್ರೊಸೆಸ್ ಹುಡುಕಿ ಕೊಲ್ಲುತ್ತದೆ. ಒಂಟಿಯಾಗಿ ನೋಡಿದರೆ ಆ ಹೊತ್ತಿನಲ್ಲಿ ಎಲ್ಲರಿಗಿಂತ ದೊಡ್ಡದು ಸಾಮಾನ್ಯವಾಗಿ ಮೈಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್ ನಡೆಸುವ ಪ್ರೋಗ್ರಾಮ್. ಅದು ಸತ್ತ ಕೂಡಲೇ ಮೂಡಲ್ ಹೇಳುವ ಮಾತೇ ‘ಡೇಟಾಬೇಸ್ ಕನೆಕ್ಷನ್ ಫೇಲ್ಡ್’. ಉಬುಂಟು ಅದನ್ನು ತಾನಾಗಿ ಮತ್ತೆ ಎಬ್ಬಿಸುತ್ತದೆ, ಎದ್ದ ಕೂಡಲೇ ಮತ್ತೆ ಜನ ಮುಗಿಬೀಳುತ್ತಾರೆ, ಮತ್ತೆ ಸಾಯುತ್ತದೆ. ಅರ್ಧ ಗಂಟೆಯಲ್ಲಿ ಬೇಸತ್ತ ಮಕ್ಕಳು ಮೊಬೈಲ್ ಕೆಳಗಿಟ್ಟಾಗ ‘ತಾನಾಗಿಯೇ ಸರಿಹೋಯಿತು’.

ಇದೆಲ್ಲ ದೂರದಲ್ಲಿ ಕೂತು ನಾನು ಮಾಡಿದ ಊಹೆ. ನಿಜವೋ ಅಲ್ಲವೋ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಹಿಂದಿನ ಇಂಟರ್ನಲ್ಸ್ ದಿನದ ಕರ್ನಲ್ ಲಾಗ್ ತೆಗೆದು ‘ಔಟ್ ಆಫ್ ಮೆಮೊರಿ’ ಅನ್ನುವ ಸಾಲು ಇದೆಯಾ ನೋಡಲು ಸರ್ವರ್‌ನವರಿಗೆ ಹೇಳಿ. 10 ಗಂಟೆಯ ಆಸುಪಾಸಿನಲ್ಲಿ ಆ ಸಾಲೂ, ಪಕ್ಕದಲ್ಲೇ ಮೈಎಸ್‌ಕ್ಯೂಎಲ್ ಹೆಸರೂ ಇದ್ದರೆ ರೋಗ ಸಿಕ್ಕಿತು. ಇಲ್ಲದಿದ್ದರೆ ಮೈಎಸ್‌ಕ್ಯೂಎಲ್‌ನ ಸ್ವಂತ ಲಾಗ್ ನೋಡಬೇಕು. ಅದು ಒಂದು ಸಲಕ್ಕೆ ಒಪ್ಪುವ ಕನೆಕ್ಷನ್ ಬಿಟ್ಟ ಹಾಗೇ ಬಿಟ್ಟರೆ 151 ಮಾತ್ರ. ಅಲ್ಲಿ ತಡೆದಿದ್ದರೂ ಇದೇ ಸಂದೇಶ ಬರುತ್ತದೆ.

16 ಜಿಬಿ ಕೇಳಿದವರ ಮಾತು ಪೂರ್ತಿ ಸುಳ್ಳೇನಲ್ಲ. ಅಷ್ಟು ಮೆಮೊರಿ ಇದ್ದರೆ ಮೈಎಸ್‌ಕ್ಯೂಎಲ್ ಸಾಯುವುದಿಲ್ಲ, ಆ ಕೆಂಪು ಸಂದೇಶವೂ ಹೋಗುತ್ತದೆ. ಆದರೆ ಪುಟ ಸುತ್ತುವುದು ನಿಲ್ಲಲ್ಲ. ಅಮೆಜಾನ್‌ನಲ್ಲಿ 16 ಜಿಬಿಯ ಮೆಷಿನ್‌ಗಳು ಬೇರೆ ಬೇರೆ ತರಹ ಇವೆ. ಆರ್5 ಲಾರ್ಜ್ ಅನ್ನುವುದರಲ್ಲಿ 16 ಜಿಬಿ ಇದೆ, ವಿಸಿಪಿಯು ಮಾತ್ರ ಅದೇ 2. ಬರೀ ಜಿಬಿ ಲೆಕ್ಕದಲ್ಲಿ ಕೊಂಡರೆ ಹೀಗೆ ದುಡ್ಡು ಜಾಸ್ತಿ ಕೊಟ್ಟೂ ಅಲ್ಲೇ ಇರುತ್ತೀರಿ. ಕೊಟೇಶನ್‌ನಲ್ಲಿ ಜಿಬಿ ಎಷ್ಟು ದೊಡ್ಡ ಅಕ್ಷರದಲ್ಲಿದ್ದರೂ ನೀವು ವಿಸಿಪಿಯು ಎಷ್ಟು ಅಂತ ಕೇಳಿ.

ಈಗ ಮಾಡಬೇಕಾದದ್ದಕ್ಕೆ ಬರೋಣ. ಮೊದಲು ಆ ಫೋಟೋಗಳು ಹೋಗಬೇಕು.

ನುಡಿಯಲ್ಲಿ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಮೂಡಲ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ, ಗೊತ್ತು. ಕರ್ನಾಟಕದ ಎಷ್ಟೋ ಕಾಲೇಜುಗಳು ಫೋಟೋ ದಾರಿ ಹಿಡಿದದ್ದು ಇದೇ ಕಾರಣಕ್ಕೆ. ಆದರೆ ನುಡಿ ಅಕ್ಷರವನ್ನು ಯೂನಿಕೋಡ್‌ಗೆ, ಅಂದರೆ ಮೊಬೈಲ್, ವೆಬ್‌ಸೈಟ್ ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಅಕ್ಷರ ಪದ್ಧತಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಹೊಸ ನುಡಿಯಲ್ಲಿ ನೇರವಾಗಿ ಯೂನಿಕೋಡ್‌ನಲ್ಲೇ ಟೈಪ್ ಮಾಡಬಹುದು. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಒಂದು ಸಲ ಕಣ್ಣಾಡಿಸಿ ನೋಡಿ, ಅಲ್ಲೇ ಸಾಮಾನ್ಯವಾಗಿ ಎಡವುವುದು. ಯೂನಿಕೋಡ್‌ನ ಯುಟಿಎಫ್-8 ಲೆಕ್ಕದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಆಯ್ಕೆಗಳೂ ಸೇರಿ ಒಂದು ಪ್ರಶ್ನೆಗೆ 600 ಸಂಕೇತ ಅಂದರೂ 20 ಪ್ರಶ್ನೆಗೆ 36 ಕೆಬಿ. 60 ಎಂಬಿ ಎಲ್ಲಿ, 36 ಕೆಬಿ ಎಲ್ಲಿ! ಅದೂ ಕ್ವಿಜ್ ಪುಟದ ಜೊತೆಗೇ ಬರುತ್ತದೆ, ಆ 6,000 ಹೆಚ್ಚುವರಿ ಕೆಲಸಗಳೇ ಇರುವುದಿಲ್ಲ. ದೃಷ್ಟಿ ಮಂದವಾಗಿರುವ ಮಕ್ಕಳಿಗೆ ಅಕ್ಷರ ದೊಡ್ಡದು ಮಾಡಿಕೊಂಡು ಓದಲೂ ಆಗುತ್ತದೆ. ಫೋಟೋದಲ್ಲಿ ಅದು ಸರಿಯಾಗಿ ಆಗುವುದಿಲ್ಲ.

ನಿಮ್ಮದು ಕಾಮರ್ಸ್, ಬ್ಯಾಲೆನ್ಸ್ ಶೀಟ್, ಜರ್ನಲ್ ಎಂಟ್ರಿ ಇರುತ್ತವೆ. ಚಿಕ್ಕದಾದರೆ ಮೂಡಲ್ ಎಡಿಟರ್‌ನಲ್ಲೇ ಟೇಬಲ್ ಹಾಕಿ. ದೊಡ್ಡದಾದರೆ ಕಂಪ್ಯೂಟರ್ ಪರದೆಯ ಸ್ಕ್ರೀನ್‌ಶಾಟ್ ತೆಗೆದು, ಬೇಕಾದಷ್ಟೇ ಕತ್ತರಿಸಿ, ಪಿಎನ್‌ಜಿ ಮಾಡಿ. 100 ಕೆಬಿ ಒಳಗೆ ಸಲೀಸಾಗಿ ಬರುತ್ತದೆ. ಮೇಜಿನ ಮೇಲೆ ಪತ್ರಿಕೆ ಇಟ್ಟು ಮೊಬೈಲ್‌ನಲ್ಲಿ ಕ್ಲಿಕ್ ಮಾಡುವುದು ಮಾತ್ರ ಬೇಡ.

ಎರಡನೆಯದು ಸರ್ವರ್‌ನವರ ಕೆಲಸ. ಅಪಾಚೆಯ ‘ಮ್ಯಾಕ್ಸ್ ರಿಕ್ವೆಸ್ಟ್ ವರ್ಕರ್ಸ್’ ಅನ್ನುವ ಮಿತಿಯನ್ನು 150ರಿಂದ ಇಳಿಸಬೇಕು. 4 ಜಿಬಿಯಲ್ಲಿ ಲಿನಕ್ಸ್‌ಗೆ, ಮೈಎಸ್‌ಕ್ಯೂಎಲ್‌ಗೆ ಸೇರಿ ಒಂದೂವರೆ ಬಿಟ್ಟರೆ ಎರಡೂವರೆ ಉಳಿಯುತ್ತದೆ. 70 ಎಂಬಿಯಂತೆ ಸುಮಾರು 35 ಕೆಲಸಗಾರರು. ಮಿತಿ ಇಳಿಸಿದರೆ ಇನ್ನೂ ನಿಧಾನ ಆಗಲ್ವಾ ಅಂತ ಅವರೇ ಕೇಳಬಹುದು. ಆಗಲ್ಲ. ಇರುವ ಎರಡು ವಿಸಿಪಿಯುಗೆ 35 ಜನಕ್ಕಿಂತ ಜಾಸ್ತಿ ಕೆಲಸಗಾರರಿದ್ದರೂ ಕೆಲಸ ಬೇಗ ಮುಗಿಯುವುದಿಲ್ಲ. ಉಳಿದವರು ಹೊರಗೆ ಸ್ವಲ್ಪ ಕಾಯುತ್ತಾರೆ, ಒಳಗಿರುವವರದು ಸರಿಯಾಗಿ ಮುಗಿಯುತ್ತದೆ, ಡೇಟಾಬೇಸ್ ಸಾಯುವುದಿಲ್ಲ. ಇನ್ನೂ ಒಳ್ಳೆಯದೆಂದರೆ ಪಿಎಚ್‌ಪಿಯನ್ನು ಅಪಾಚೆಯಿಂದ ಬೇರೆ ಮಾಡಿ, ಮುಂದೆ ಎಂಜಿನ್‌ಎಕ್ಸ್ ಅನ್ನುವ ಇನ್ನೊಂದು ವೆಬ್ ಸರ್ವರ್ ಪ್ರೋಗ್ರಾಮ್, ಹಿಂದೆ ಪಿಎಚ್‌ಪಿ ಮಾತ್ರ ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ಇಡುವುದು. ಆಗ ನಿಧಾನ ನೆಟ್‌ನವರಿಗಾಗಿ ಕಾಯುವ ಕೆಲಸವನ್ನು ಎಂಜಿನ್‌ಎಕ್ಸ್ ವಹಿಸಿಕೊಳ್ಳುತ್ತದೆ. ಆದರೆ ಎಫ್‌ಪಿಎಂನಲ್ಲಿ ಉಲ್ಟಾ ತೊಂದರೆ ಇದೆ. ಉಬುಂಟುವಿನಲ್ಲಿ ಅದರ ‘ಮ್ಯಾಕ್ಸ್ ಚಿಲ್ಡ್ರನ್’ ಬಿಟ್ಟ ಹಾಗೇ ಬಿಟ್ಟರೆ 5. ಹೌದು, ಐದೇ ಐದು! ಅದನ್ನು 30ರ ಆಸುಪಾಸಿಗೆ ಏರಿಸದೆ ‘ನಾವು ಎಂಜಿನ್‌ಎಕ್ಸ್ ಹಾಕಿದ್ವಿ, ಆದರೂ ನಿಧಾನ’ ಅನ್ನುವವರು ಬಹಳ ಜನ.

ಮೈಎಸ್‌ಕ್ಯೂಎಲ್‌ನ ಬಫರ್ ಪೂಲ್ (ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಕೂಡ ಹಾಗೇ, ಮುಟ್ಟದೆ ಬಿಟ್ಟರೆ 128 ಎಂಬಿ. ನಿಮ್ಮ ಮೆಷಿನ್‌ನಲ್ಲಿ ಅದನ್ನು 1 ಜಿಬಿ ಮಾಡಬಹುದು. ಪಿಎಚ್‌ಪಿ ಕೋಡನ್ನು ಪ್ರತಿ ಸಲ ಹೊಸದಾಗಿ ಓದದ ಹಾಗೆ ಮಾಡುವ ಓಪಿಕ್ಯಾಶ್ ಆನ್ ಇರಲಿ. ಸೆಷನ್‌ಗಳನ್ನೂ (ಯಾರು ಲಾಗಿನ್ ಆಗಿದ್ದಾರೆ ಅನ್ನುವ ನೆನಪು) ಮೂಡಲ್‌ನ ಕ್ಯಾಶೆಯನ್ನೂ ಮೆಮೊರಿಯಲ್ಲೇ ಇಟ್ಟುಕೊಳ್ಳುವ ರೆಡಿಸ್ ಅನ್ನುವ ಪ್ರೋಗ್ರಾಮಿಗೆ ಹಾಕಿಸಿದರೆ ಡೇಟಾಬೇಸಿಗೂ ಡಿಸ್ಕಿಗೂ ಉಸಿರು ಬರುತ್ತದೆ. ಮೂಡಲ್ ಒಳಗೆ ‘ಥೀಮ್ ಡಿಸೈನರ್ ಮೋಡ್’ ಅಂತ ಒಂದಿದೆ. ವಿನ್ಯಾಸ ಮಾಡುವಾಗ ಆನ್ ಮಾಡಿ ಮರೆತುಬಿಡುತ್ತಾರೆ. ಅದು ಆನ್ ಇದ್ದರೆ ಎಂಥ ಸರ್ವರ್ ಆದರೂ ತೆವಳುತ್ತದೆ. ಇದನ್ನು ನೀವೇ ನೋಡಬಹುದು, ಆಡಳಿತ ಪುಟದಲ್ಲಿ ಹುಡುಕಿದರೆ ಸಿಗುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ನಿಮ್ಮ 10 ಗಂಟೆಯ ಜೊತೆ ಹೊಂದಿಕೊಳ್ಳುತ್ತಿರುವುದರಿಂದ ಹೇಳಲೇಬೇಕು. ಕ್ಲೌಡ್ ಮೆಷಿನ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಜಗತ್ತಿನ ಪ್ರಮಾಣ ಸಮಯದಲ್ಲಿ ಇರುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಯಾರೂ ಇಲ್ಲದ ಹೊತ್ತು ಅಂತ ಬೆಳಗಿನ ಜಾವ 4 ಗಂಟೆಗೆ ಇಟ್ಟ ಬ್ಯಾಕಪ್, ನಮ್ಮ ಗಡಿಯಾರದಲ್ಲಿ ಓಡುವುದು ಬೆಳಿಗ್ಗೆ 9:30ಕ್ಕೆ! ಡೇಟಾಬೇಸ್ ಬ್ಯಾಕಪ್ ಎಷ್ಟು ಗಂಟೆಗೆ, ಯಾವ ಗಡಿಯಾರದ ಪ್ರಕಾರ ಅಂತ ಕೇಳಿಬಿಡಿ.

ಮೆಷಿನ್ ಬಗ್ಗೆ ಕೇಳಬೇಕಾದ ಇನ್ನೆರಡು ಪ್ರಶ್ನೆ ಇವೆ. ಅಮೆಜಾನ್‌ನಲ್ಲಿ 2 ವಿಸಿಪಿಯು, 4 ಜಿಬಿ ಅಂದರೆ ಬಹುಶಃ ಟಿ2 ಮೀಡಿಯಂ ಅಥವಾ ಟಿ3 ಮೀಡಿಯಂ. ಇವು ಯಾವಾಗಲೂ ಪೂರ್ತಿ ವೇಗದಲ್ಲಿ ಓಡುವ ಮೆಷಿನ್‌ಗಳಲ್ಲ. ಟಿ3 ಮೀಡಿಯಂಗೆ ಒಂದೊಂದು ವಿಸಿಪಿಯುಗೆ ಖಾತ್ರಿ ಇರುವುದು ನೂರಕ್ಕೆ 20ರಷ್ಟು. ಸುಮ್ಮನಿದ್ದಾಗ ಗಂಟೆಗೆ 24 ಕ್ರೆಡಿಟ್ ಕೂಡಿಡುತ್ತದೆ, ಹೆಚ್ಚೆಂದರೆ 576. ಓಡಬೇಕಾದಾಗ ಅದನ್ನು ಖರ್ಚು ಮಾಡುತ್ತದೆ. ಒಂದು ಕ್ರೆಡಿಟ್ ಅಂದರೆ ಒಂದು ವಿಸಿಪಿಯು ಒಂದು ನಿಮಿಷ ಪೂರ್ತಿ ದುಡಿದ ಹಾಗೆ. ಒಂದು ಗಂಟೆಯ ಪರೀಕ್ಷೆಗೆ ಎರಡೂ ಸೇರಿ 120 ಬೇಕು. ಹುಂಡಿ ತುಂಬಿದ್ದರೆ ಚಿಂತೆ ಇಲ್ಲ. ಪರೀಕ್ಷೆಯ ಬೆಳಿಗ್ಗೆ ಅದು ಖಾಲಿ ಇದ್ದರೆ ರಾತ್ರಿ ಬೇರೇನೋ ತಿನ್ನುತ್ತಿದೆ ಅಂತ ಅರ್ಥ. ‘ಕ್ರೆಡಿಟ್ ಬ್ಯಾಲೆನ್ಸ್’ ಗ್ರಾಫ್ ಅಮೆಜಾನ್‌ನ ಕ್ಲೌಡ್‌ವಾಚ್‌ನಲ್ಲೇ ಇದೆ. ಎರಡನೇ ಪ್ರಶ್ನೆ ಡಿಸ್ಕ್ ಬಗ್ಗೆ. ಹಳೇ ಜಿಪಿ2 ಡಿಸ್ಕ್ 33 ಜಿಬಿಗಿಂತ ಚಿಕ್ಕದಿದ್ದರೆ ಖಾತ್ರಿ ವೇಗ ಸೆಕೆಂಡಿಗೆ 100 ಓದು-ಬರಹ ಮಾತ್ರ. 2020ರ ಕೊನೆಗೆ ಬಂದ ಜಿಪಿ3ಯಲ್ಲಿ ಶುರುವೇ 3,000, ಬೆಲೆಯೂ ಕಡಿಮೆ. ಮೆಷಿನ್ ನಿಲ್ಲಿಸದೆಯೇ ಬದಲಾಯಿಸಬಹುದು. ಇನ್ನೂ ಜಿಪಿ2 ಇದ್ದರೆ ಇವತ್ತೇ ಬದಲಾಯಿಸಿ ಅನ್ನಿ.

ಸರ್ವರ್ ಮುಂಬೈನಲ್ಲಿ ಇರುವುದು ಸರಿಯಾಗಿಯೇ ಇದೆ. ಅಮೆಜಾನ್ 2016ರಲ್ಲಿ ಮುಂಬೈಗೆ, 2022ರಲ್ಲಿ ಹೈದರಾಬಾದಿಗೆ ಬಂತು. ನಮಗೆ ಎರಡೂ ಹತ್ತಿರವೇ. ಅಮೆರಿಕದಲ್ಲಿ ಅಗ್ಗ ಅಂತ ಅಲ್ಲಿ ಇಡಬೇಡಿ. ಬೆಂಗಳೂರಿನಿಂದ ವರ್ಜೀನಿಯಾ 13–14 ಸಾವಿರ ಕಿಲೋಮೀಟರ್. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು ದಾರಿ ನೇರವಾಗಿದ್ದರೂ 135 ಮಿಲಿಸೆಕೆಂಡ್ ಬೇಕು, ನಿಜದಲ್ಲಿ 200 ದಾಟುತ್ತದೆ. ಹೊಸ ಸುರಕ್ಷಿತ ಕನೆಕ್ಷನ್ ಆಗಿ ಪುಟ ಬರಲು ಹೀಗೆ ಸಾಮಾನ್ಯವಾಗಿ ಮೂರು ಸಲವಾದರೂ ಓಡಾಟ ಇದೆ.

ಲ್ಯಾಬ್‌ನ 60 ಮಕ್ಕಳ ಕಥೆ ಸ್ವಲ್ಪ ಬೇರೆ. ಅವರೆಲ್ಲ ಕಾಲೇಜಿನ ಒಂದೇ ಲೈನ್‌ನಿಂದ ಹೋಗುತ್ತಾರೆ. 60 ಎಂಬಿಯಂತೆ 60 ಮಕ್ಕಳಿಗೆ 3.6 ಜಿಬಿ. 100 ಮೆಗಾಬಿಟ್ ಲೈನ್ ಪೂರ್ತಿ ಸಿಕ್ಕರೂ ಹೆಚ್ಚುಕಡಿಮೆ ಐದು ನಿಮಿಷ. ಫೋಟೋ ಹೋದರೆ ಈ ತೊಂದರೆಯೂ ಹೋಗುತ್ತದೆ. ಆದರೆ ಇನ್ನೊಂದು ಉಳಿಯುತ್ತದೆ. ಹೊರಗಿನ ಸರ್ವರಿಗೆ ಆ 60 ಮಕ್ಕಳೂ ಒಂದೇ ಐಪಿ ವಿಳಾಸದಿಂದ ಬಂದ ಹಾಗೆ ಕಾಣುತ್ತಾರೆ. ಒಂದೇ ವಿಳಾಸದಿಂದ ಒಂದೇ ನಿಮಿಷದಲ್ಲಿ 60 ಲಾಗಿನ್, ಅದರಲ್ಲಿ ಹತ್ತು ತಪ್ಪು ಪಾಸ್‌ವರ್ಡ್! ಸರ್ವರ್‌ನ ಕಾವಲು ಪ್ರೋಗ್ರಾಮಿಗೆ ಇದು ಪಕ್ಕಾ ದಾಳಿ. ಇಡೀ ಕಾಲೇಜನ್ನೇ ಆಚೆ ಹಾಕಿಬಿಡುತ್ತದೆ. ಮೊಬೈಲ್‌ನವರಿಗೆ ತೆರೆಯುತ್ತಿದೆ, ಲ್ಯಾಬ್‌ನಲ್ಲಿ ಮಾತ್ರ ಒಬ್ಬರಿಗೂ ಇಲ್ಲ ಅಂದರೆ ಮೊದಲು ಇದನ್ನೇ ಅನುಮಾನಿಸಿ. ಕಾಲೇಜಿನ ಐಪಿಯನ್ನು ಆ ಕಾವಲಿನ ವಿನಾಯಿತಿ ಪಟ್ಟಿಗೆ ಸೇರಿಸಿದರೆ ಆಯಿತು.

ಈಗ ಪರೀಕ್ಷೆ ನಡೆಸುವ ರೀತಿ. ಇದು ಪೂರ್ತಿ ನಿಮ್ಮ ಕೈಯಲ್ಲಿದೆ, ಒಂದು ರೂಪಾಯಿ ಖರ್ಚಿಲ್ಲ. ನನ್ನ ಪ್ರಕಾರ ಮೇಲಿನ ತಾಂತ್ರಿಕ ರಿಪೇರಿಗಳಷ್ಟೇ ಫಲ ಕೊಡುವುದೂ ಇದೇ. ಎಲ್ಲರೂ 10ಕ್ಕೇ ಶುರು ಮಾಡಬೇಕು ಅಂತ ಏನಿದೆ? ಮೂಡಲ್‌ನಲ್ಲಿ ‘ಗ್ರೂಪ್ ಓವರ್‌ರೈಡ್’ ಅಂತ ಒಂದು ಸೌಲಭ್ಯ ಇದೆ. ಒಂದೇ ಕ್ವಿಜ್‌ಗೆ ಬೇರೆ ಬೇರೆ ಸೆಕ್ಷನ್‌ಗೆ ಬೇರೆ ಬೇರೆ ಸಮಯ ಕೊಡಬಹುದು. ಎ ಸೆಕ್ಷನ್ 10ಕ್ಕೆ, ಬಿ ಸೆಕ್ಷನ್ 10:05ಕ್ಕೆ, ಸಿ ಸೆಕ್ಷನ್ 10:10ಕ್ಕೆ. ಪ್ರತಿಯೊಬ್ಬರಿಗೂ 45 ನಿಮಿಷ. ಐದು ನಿಮಿಷ ಮೊದಲು ಬರೆದವರು ಪ್ರಶ್ನೆ ಹೇಳಿಕೊಟ್ಟಾರು ಅನ್ನುವ ಭಯವಿದ್ದರೆ ಪ್ರಶ್ನೆ ಬ್ಯಾಂಕಿನಿಂದ ರ‍್ಯಾಂಡಮ್ ಆಗಿ ಆರಿಸುವ ಹಾಗೆ ಇಡಿ, ಆಯ್ಕೆಗಳನ್ನೂ ಕಲಸಿ. ಲಾಗಿನ್ ಮಾತ್ರ ಎಲ್ಲರೂ 9:30ರಿಂದಲೇ ಮಾಡಿಕೊಂಡು ಕ್ವಿಜ್ ಪುಟದಲ್ಲಿ ಕೂರಲಿ. ಮೇಲೆ ಲೆಕ್ಕ ಹಾಕಿದ ಆರು ಹೆಜ್ಜೆಯಲ್ಲಿ ನಾಲ್ಕೈದು ಆಗಲೇ ಮುಗಿದಿರುತ್ತವೆ.

ಪುಟಕ್ಕೆ ಎಷ್ಟು ಪ್ರಶ್ನೆ ಅಂತ ಕೇಳಿದರೆ ನಾನು ಐದು ಅನ್ನುತ್ತೇನೆ. ಒಂದೊಂದೇ ಇಟ್ಟರೆ 20 ಸಲ ಸರ್ವರ್‌ಗೆ ಹೋಗಿ ಬರಬೇಕು. 20ನ್ನೂ ಒಟ್ಟಿಗೆ ಇಟ್ಟರೆ ಮಧ್ಯೆ ನೆಟ್ ಹೋದ ಮಗು ಗಾಬರಿಯಾಗುತ್ತದೆ. ಗಾಬರಿ ಅಷ್ಟೇನೂ ಬೇಕಿಲ್ಲ ನಿಜ. ಮೂಡಲ್ ಉತ್ತರಗಳನ್ನು ನಿಮಿಷಕ್ಕೊಮ್ಮೆ ತಾನೇ ಉಳಿಸಿಕೊಳ್ಳುತ್ತದೆ. ಅದಕ್ಕೂ ಲೆಕ್ಕ ಇದೆ: 300 ಮಕ್ಕಳು, ನಿಮಿಷಕ್ಕೊಂದು, ಅಂದರೆ ಸೆಕೆಂಡಿಗೆ 5. ನಿಮ್ಮ ಮೆಷಿನ್ ತಡೆಯುವ ಆರೇಳರ ಹತ್ತಿರಕ್ಕೆ ಬಂತು. ಹಾಗಾಗಿ ಈ ಆಟೋಸೇವ್ ಅಂತರವನ್ನು ಎರಡು ನಿಮಿಷ ಮಾಡಿದರೆ ನಿರಾಳ. ಪೂರ್ತಿ ಆಫ್ ಮಾತ್ರ ಮಾಡಬೇಡಿ. ಹಾಗೇ ‘ಡಿಫರ್ಡ್ ಫೀಡ್‌ಬ್ಯಾಕ್’, ಅಂದರೆ ಸರಿ-ತಪ್ಪನ್ನು ಎಲ್ಲ ಬರೆದು ಮುಗಿಸಿದ ಮೇಲೆ ನೋಡುವ ವಿಧಾನ ಇರಲಿ. ಪ್ರತಿ ಪ್ರಶ್ನೆಗೂ ‘ಚೆಕ್’ ಗುಂಡಿ ಇಡುವ ವಿಧಾನ ಅಭ್ಯಾಸಕ್ಕೆ ಚೆನ್ನ, ಪರೀಕ್ಷೆಗೆ ಭಾರ.

ಪರೀಕ್ಷೆಗೆ ಎರಡು ದಿನ ಮೊದಲು ಎಲ್ಲ ಮಕ್ಕಳಿಗೂ ಎರಡೇ ಪ್ರಶ್ನೆಯ ಒಂದು ಸುಳ್ಳು ಕ್ವಿಜ್ ಅದೇ ಹೊತ್ತಿಗೆ ಕೊಡಿ. ಜೆಮೀಟರ್ ಅನ್ನುವ ಪ್ರೋಗ್ರಾಮಿನಿಂದ ಕೃತಕ ವಿದ್ಯಾರ್ಥಿಗಳನ್ನು ಬಿಟ್ಟು ಪರೀಕ್ಷಿಸುವ ದಾರಿ ಇದೆ. ಅದಕ್ಕೆ ಬೇಕಾದ ಪ್ಲಾನ್ ತಯಾರಿಸುವ ಉಪಕರಣ ಮೂಡಲ್ ಒಳಗೇ ಇದೆ. ಆದರೆ ನಿಮ್ಮ ಮಟ್ಟಿಗೆ ನಿಜವಾದ ಮಕ್ಕಳೇ ವಾಸಿ. ಯಾರ ಪಾಸ್‌ವರ್ಡ್ ಮರೆತಿದೆ, ಯಾರ ಮೊಬೈಲ್‌ನಲ್ಲಿ ತೆರೆಯಲ್ಲ ಅನ್ನುವುದೂ ಆಗಲೇ ಗೊತ್ತಾಗುತ್ತದೆ. ಆ ಹತ್ತು ನಿಮಿಷ ಸರ್ವರ್‌ನವರು ಮೆಮೊರಿ, ಸಿಪಿಯು ನೋಡುತ್ತಾ ಕೂತಿರಲಿ.

ಇಷ್ಟೆಲ್ಲ ಮಾಡಿದ ಮೇಲೂ ಸಿಪಿಯು ನೂರಕ್ಕೆ ನೂರು ಮುಟ್ಟುತ್ತಿದೆಯಾ? ಆಗ ದೊಡ್ಡ ಮೆಷಿನ್ ತಗೊಳ್ಳಿ, ಆದರೆ ತಿಂಗಳಿಗಲ್ಲ, ಅವತ್ತಿನ ಮಟ್ಟಿಗೆ. ಕ್ಲೌಡ್‌ಗೆ ದುಡ್ಡು ಕೊಡುವುದೇ ಬಳಸಿದ ಹೊತ್ತಿಗೆ. ಹಿಂದಿನ ಸಂಜೆ ಮೆಷಿನ್ ನಿಲ್ಲಿಸಿ, 8 ವಿಸಿಪಿಯು, 16 ಜಿಬಿಯ, ಹೆಸರು ‘ಸಿ’ಯಿಂದ ಶುರುವಾಗುವ ತರಹದ್ದಕ್ಕೆ ಬದಲಾಯಿಸಿ ಎಬ್ಬಿಸುವುದು ಕೆಲವು ನಿಮಿಷದ ಕೆಲಸ. ಐಪಿ ಸ್ಥಿರವಾದದ್ದು, ಅಂದರೆ ಎಲಾಸ್ಟಿಕ್ ಐಪಿ ಅಂತ ಮೊದಲೇ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ನಿಲ್ಲಿಸಿ ಎಬ್ಬಿಸಿದಾಗ ವಿಳಾಸ ಬದಲಾಗಿ ಸೈಟೇ ಸಿಗುವುದಿಲ್ಲ. ದೊಡ್ಡ ಮೆಷಿನ್‌ಗೆ ಹೋದಾಗ ಕೆಲಸಗಾರರ ಮಿತಿಯನ್ನೂ ಏರಿಸಬೇಕು, ಮರೆತರೆ ಹೊಸ ವಿಸಿಪಿಯುಗಳು ಖಾಲಿ ಕೂರುತ್ತವೆ. ‘ಆಟೋ ಸ್ಕೇಲಿಂಗ್ ಹಾಕೋಣ, ತಾನೇ ಬೆಳೆಯುತ್ತೆ’ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ಹೊಸ ಮೆಷಿನ್ ಎದ್ದು ನಿಲ್ಲಲು ಕೆಲವು ನಿಮಿಷ ಬೇಕು. ನಿಮ್ಮ ನೂಕುನುಗ್ಗಲು ಇರುವುದೇ ಮೊದಲ ಎರಡು ನಿಮಿಷ. ಪರೀಕ್ಷೆಯ ಸಮಯ ಮೊದಲೇ ಗೊತ್ತಿರುವಾಗ ಯಂತ್ರ ಊಹಿಸಲಿ ಅಂತ ಯಾಕೆ ಬಿಡಬೇಕು?

ವಿಡಿಯೊ ಬಗ್ಗೆ ಕೇಳಿದಿರಿ. ಈ ಸರ್ವರ್‌ನಲ್ಲಿ ಬೇಡವೇ ಬೇಡ. ಮುಕ್ಕಾಲು ಗಂಟೆಯ ಪಾಠ ಸೆಕೆಂಡಿಗೆ 1.5 ಮೆಗಾಬಿಟ್‌ನಲ್ಲಿ ಸುಮಾರು 500 ಎಂಬಿ. 300 ಮಕ್ಕಳು ಒಂದು ಸಲ ನೋಡಿದರೆ 150 ಜಿಬಿ. ಅಮೆಜಾನ್‌ನಿಂದ ಹೊರಗೆ ಹೋಗುವ ಡೇಟಾದಲ್ಲಿ ತಿಂಗಳಿಗೆ ಮೊದಲ 100 ಜಿಬಿ ಉಚಿತ, ಆಮೇಲೆ ಮುಂಬೈನಲ್ಲಿ ಜಿಬಿಗೆ 10 ಸೆಂಟ್‌ಗಿಂತ ಸ್ವಲ್ಪ ಜಾಸ್ತಿ. ಒಂದೇ ಪಾಠಕ್ಕೆ ಉಚಿತದ ಪಾಲು ಮುಗಿದುಹೋಯಿತು. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಕೂಡ ತನ್ನ ಪಾಠಗಳನ್ನು ಯೂಟ್ಯೂಬ್‌ನಲ್ಲೇ ಇಟ್ಟಿದೆ. ನೀವೂ ಯೂಟ್ಯೂಬ್‌ಗೆ ‘ಅನ್‌ಲಿಸ್ಟೆಡ್’ ಆಗಿ ಹಾಕಿ, ಮೂಡಲ್‌ನಲ್ಲಿ ಲಿಂಕ್ ಮಾತ್ರ ಕೊಡಿ. ನೆಟ್‌ಗೆ ತಕ್ಕ ಹಾಗೆ ಚಿತ್ರದ ಗುಣಮಟ್ಟ ಇಳಿಸುವುದು ಏರಿಸುವುದು ಅದೇ ನೋಡಿಕೊಳ್ಳುತ್ತದೆ. ನೆಟ್ ಇಲ್ಲದ ಊರಿನ ಮಕ್ಕಳಿಗೆ ಪಾಠದ ಆಡಿಯೊ ಮತ್ತು ನೋಟ್ಸ್ ಬೇರೆಯಾಗಿ ಇಡಿ. ಮೂಡಲ್‌ನ ಮೊಬೈಲ್ ಆ್ಯಪ್‌ನಲ್ಲಿ ಅವನ್ನು ಕಾಲೇಜಿನ ವೈಫೈನಲ್ಲಿ ಇಳಿಸಿಕೊಂಡು ಮನೆಯಲ್ಲಿ ನೋಡಬಹುದು. ಮುಂದೆ ಲೈವ್ ಕ್ಲಾಸಿಗೆ ಬಿಗ್‌ಬ್ಲೂಬಟನ್ ಹಾಕುವ ಯೋಚನೆ ಬಂದರೆ ಅದಕ್ಕೆ ಪ್ರತ್ಯೇಕ ಸರ್ವರೇ ಬೇಕು. ಅವರೇ ಕೇಳುವುದು ಕನಿಷ್ಠ 8 ಕೋರ್, 16 ಜಿಬಿ. ಮೂಡಲ್ ಇರುವ ಮೆಷಿನ್‌ನಲ್ಲಿ ಅದನ್ನು ಸೇರಿಸಲು ಯಾರಿಗೂ ಬಿಡಬೇಡಿ.

ಮುಂದಿನ ಇಂಟರ್ನಲ್ಸ್‌ಗೆ ಸಮಯ ಕಡಿಮೆ ಇದ್ದರೆ ಫೋಟೋಗಳ ಬದಲು ಯೂನಿಕೋಡ್ ಅಕ್ಷರ ಹಾಕುವುದು, ಕೆಲಸಗಾರರ ಮಿತಿ ಇಳಿಸುವುದು, ಸೆಕ್ಷನ್‌ಗಳನ್ನು ಐದೈದು ನಿಮಿಷ ಬಿಟ್ಟು ಬಿಡುವುದು, ಈ ಮೂರನ್ನೇ ಮೊದಲು ಮಾಡಿ. ಒಂದು ವಾರದಲ್ಲಿ ಆಗುವ ಕೆಲಸ. ರೆಡಿಸ್, ಎಂಜಿನ್‌ಎಕ್ಸ್ ಎಲ್ಲ ರಜೆಯಲ್ಲಿ ನಿಧಾನಕ್ಕೆ ಮಾಡಿಸಬಹುದು. ಅವತ್ತಿಗೆ ದೊಡ್ಡ ಮೆಷಿನ್ ತಗೊಂಡರೆ, ಮಧ್ಯಾಹ್ನ ಪರೀಕ್ಷೆ ಮುಗಿದ ಮೇಲೆ ಮತ್ತೆ ಚಿಕ್ಕದಕ್ಕೆ ಇಳಿಸಿದರಾ ಅಂತ ಸರ್ವರ್‌ನವರಿಗೆ ಒಂದು ಫೋನ್ ಮಾಡಿ ಕೇಳಿ. ಬಿಲ್ ಏರುವುದು ಅದನ್ನು ಮರೆತಾಗಲೇ.